ಬರೆದವರು ಯಾರು ಅಂತ ಕೇಳಬ್ಯಾಡ್ರಿ

ಈ ಕೂಟದಲ್ಲಿ ಬರೆದವರು ಓದುವುದಿಲ್ಲ. ಓದುವವರಿಗೆ ಬರೆದವರು ಯಾರೆಂದು ಗೊತ್ತಿರುವುದಿಲ್ಲ. ಸುತ್ತ ಕೂತವರಲ್ಲಿ ಯಾರೋ ಒಬ್ಬರು ಬರೆದದ್ದು ಎಂಬುದಷ್ಟೇ ಎಲ್ಲರಿಗೂ ತಿಳಿದಿರುವ ಸಂಗತಿ. ಚರ್ಚೆ ಶುರುವಾದಾಗ ಆ ಒಬ್ಬರೂ ಬಾಯಿ ಬಿಡಲೇಬೇಕು, ಸುಮ್ಮನೆ ಕೂತರೆ ಸಿಕ್ಕಿಬಿದ್ದ ಹಾಗೆ. ಅಂದರೆ ತನ್ನದೇ ಕಥೆಯನ್ನು ಇನ್ನಾರದೋ ಕಥೆಯೆಂಬಂತೆ ತೂಗಬೇಕು, ಕೊಂಕು ತೆಗೆಯಬೇಕು, ಬೇರೆಯವರು ಬೈದರೆ ಹೂಂಗುಟ್ಟಬೇಕು. ಮುಖ ಮಾತ್ರ ಕೆಂಪಾಗಬಾರದು.

ಧಾರವಾಡದ ಮಾಳಮಡ್ಡಿಯ ಹಂಚಿನ ಮನೆಯೊಂದರ ಪಡಸಾಲೆಯಲ್ಲಿ ತಿಂಗಳಿಗೊಂದು ರವಿವಾರ ಸೇರುವ ಈ ಗುಂಪಿಗೆ ಹೆಸರಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ. ಬ್ಯಾನರೇ ಇಲ್ಲದ ಮೇಲೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮಾತೂ ಇಲ್ಲ. ನಿವೃತ್ತ ಬ್ಯಾಂಕ್ ನೌಕರರು, ಬಸ್ ಕಂಡಕ್ಟರ್, ನರ್ಸ್, ಇಬ್ಬರು ಶಾಲಾ ಶಿಕ್ಷಕಿಯರು, ಸಪ್ತಾಪುರದಲ್ಲಿ ರೂಮು ಹಿಡಿದು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗ, ಮನೆಯ ಯಜಮಾನಿಯಾದ ಅಜ್ಜಿ, ಹೀಗೆ ಹನ್ನೆರಡು ಹದಿಮೂರು ಜನ. ಹೆಸರು ಹಾಕುವುದಿಲ್ಲ ಎಂಬ ಮಾತು ಕೊಟ್ಟ ಮೇಲೆಯೇ ನನ್ನನ್ನು ಒಳಗೆ ಬಿಟ್ಟರು. ಸಾಹಿತ್ಯದ ಕಾರ್ಯಕ್ರಮ ಎಂದೊಡನೆ ಸ್ವಾಗತ, ಪ್ರಾಸ್ತಾವಿಕ ನುಡಿ, ನೆನಪಿನ ಕಾಣಿಕೆ, ವಂದನಾರ್ಪಣೆಗಳನ್ನು ನೆನೆದು ಬೆವರುವವನು ನಾನು. ಇಲ್ಲಿ ಗಿರಮಿಟ್ ಬಂತು, ಚಹಾ ಬಂತು, ಕಥೆ ಶುರುವಾಯಿತು.

ಗುಟ್ಟು ಕಾಯುವವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಒಬ್ಬ ಹಿರಿಯರು. ಎಲ್ಲರೂ ತಮ್ಮ ಬರಹವನ್ನು ಅವರಿಗೆ ಮುಟ್ಟಿಸುತ್ತಾರೆ. ಅವರು ಎಲ್ಲವನ್ನೂ ಒಂದೇ ಅಕ್ಷರದಲ್ಲಿ, ಒಂದೇ ಅಳತೆಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿ ತರುತ್ತಾರೆ. ಯಾರು ಓದಬೇಕೆಂಬುದು ಚೀಟಿ ಎತ್ತಿದಾಗಲೇ ಗೊತ್ತು. ಮೊದಮೊದಲು ಅವರು ಕಾಗುಣಿತ ತಿದ್ದುತ್ತಿರಲಿಲ್ಲವಂತೆ. ಆದರೆ ಒತ್ತಕ್ಷರ ತಪ್ಪಿದ ರೀತಿಯಲ್ಲೇ ಬರೆದವರ ಗುರುತು ಹತ್ತಿಬಿಡುತ್ತಿತ್ತು. ಅದಕ್ಕೇ ಈಗ ತಿದ್ದುತ್ತಾರೆ. “ಮಾತಿನ ಧಾಟಿ ಮುಟ್ಟಂಗಿಲ್ರಿ. ಯಾರರ ‘ಐತಿ’ ಅಂತ ಬರದಿದ್ರ ಅದನ್ನ ‘ಅದ’ ಮಾಡೂದು ನನ್ನ ಕೆಲಸ ಅಲ್ಲ,” ಎಂದರು. ತಾವು ಮಾತ್ರ ಏನೂ ಬರೆಯುವುದಿಲ್ಲವೆಂದು ಹೇಳಿಕೊಳ್ಳುತ್ತಾರೆ. ನಂಬುವುದು ಕಷ್ಟ. ಇಂಥ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಸುರಕ್ಷಿತವಾಗಿ ಬರೆಯಬಲ್ಲ ವ್ಯಕ್ತಿ ಅವರೇ ತಾನೆ?

ಆ ಸಂಜೆ ಓದಿದ್ದು ಮೂರು ಕವಿತೆ, ಒಂದು ಕಥೆ. ಕವಿತೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡರಲ್ಲಿ ಮಳೆ ಬಂತು, ಒಂದರಲ್ಲಿ ಅವ್ವ ಬಂದಳು. ಕಥೆ ಬೇರೆಯೇ ಇತ್ತು. ಕರೆಂಟಿನ ಮೀಟರ್ ಓದುವ ಹುಡುಗನೊಬ್ಬ ತಿಂಗಳಿಗೊಮ್ಮೆ ಒಂಟಿ ಮುದುಕಿಯೊಬ್ಬಳ ಮನೆಗೆ ಹೋಗುತ್ತಾನೆ. ಆಕೆಗೆ ಬಿಲ್ಲಿನ ಮೇಲೆ ನಂಬಿಕೆಯಿಲ್ಲ. ಮೀಟರಿನ ಅಂಕಿಯನ್ನು ಗಟ್ಟಿಯಾಗಿ ಓದಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ತಾನೇ ಬರೆದುಕೊಳ್ಳುತ್ತಾಳೆ. ಓದಿದ್ದಕ್ಕೆ ಒಂದು ಲೋಟ ಮಜ್ಜಿಗೆ. ಒಂದು ತಿಂಗಳು ಹುಡುಗ ಹೋಗುತ್ತಾನೆ, ಗೇಟು ತೆಗೆದೇ ಇದೆ, ಮೀಟರು ಹೊರಗೋಡೆಯಲ್ಲೇ ಇದೆ, ಅಂಕಿ ಮಾತ್ರ ಹೋದ ತಿಂಗಳದ್ದೇ. ಅವನು ಅದನ್ನು ಯಾರಿಗೂ ಕೇಳದಂತೆ ಓದಿ, ಬಿಲ್ಲು ಹರಿದು ಬಾಗಿಲಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೋಗುತ್ತಾನೆ. ಆಮೇಲೆ ಇನ್ನೊಂದು ಪ್ಯಾರಾ, ಅದರಲ್ಲಿ ಅವಳ ಸಾವಿನ ಸುದ್ದಿ.

ಕಂಡಕ್ಟರು ಕೂಡಲೇ ಎದ್ದರು. “ಕಡೀ ಪ್ಯಾರಾ ಯಾಕ ಬೇಕಾಗಿತ್ರಿ? ಅಂಕಿ ನಿಂತೈತಿ ಅಂದ ಮ್ಯಾಲ ಮುಗೀತು. ಓದೂ ಮಂದಿ ಏನ್ ದಡ್ಡರ?” ಎಲ್ಲರೂ ತಲೆದೂಗಿದರು. ನಾನೂ ದೂಗಿದೆ. ಆಗ ನರ್ಸು, ಗಿರಮಿಟ್ಟಿನ ತಟ್ಟೆ ಕೆಳಗಿಟ್ಟು, ಬಹಳ ಸಣ್ಣ ದನಿಯಲ್ಲಿ ಕೇಳಿದರು: “ಆ ಮನ್ಯಾಗ ಫ್ರಿಜ್ ಇರಲಿಲ್ಲೇನು?”

ಮುದುಕಿ ಸತ್ತರೂ ಫ್ರಿಜ್ ನಡೆಯುತ್ತಲೇ ಇರುತ್ತದೆ, ಮೀಟರು ತಿರುಗುತ್ತಲೇ ಇರುತ್ತದೆ. ಬಡ ಮುದುಕಿ, ಫ್ರಿಜ್ ಎಲ್ಲಿಂದ ಬರಬೇಕು ಎಂದರು ಒಬ್ಬರು. ಶಿಕ್ಷಕಿಯೊಬ್ಬರು ಹಾಳೆ ತಿರುವಿ ಎರಡನೆಯ ಪುಟದಲ್ಲಿ ‘ತಣ್ಣನೆಯ ಮಜ್ಜಿಗೆ’ ಎಂದಿರುವುದನ್ನು ತೋರಿಸಿದರು. ಮೇ ತಿಂಗಳ ದೃಶ್ಯ ಬೇರೆ. ಪಿಎಸ್‌ಐ ಹುಡುಗ ಮಣ್ಣಿನ ಗಡಿಗೆಯ ಪರ ವಾದಿಸಿದ. ತಮ್ಮ ಕಾಲದ ಮಜ್ಜಿಗೆ ಗಡಿಗೆಯಲ್ಲೇ ಇರುತ್ತಿತ್ತೆಂದು ಅಜ್ಜಿ ಸಾಕ್ಷಿ ಹೇಳಿದರು. ಸತ್ತದ್ದು ಅಂಕಿ ಓದಿದ ಮಾರನೆಯ ದಿನವೇ ಆಗಿದ್ದರೂ ಅಷ್ಟರೊಳಗೆ ಒಂದು ಯುನಿಟ್ಟಾದರೂ ಏರಬೇಡವೇ ಎಂದು ಬ್ಯಾಂಕಿನವರು ಲೆಕ್ಕಕ್ಕೆ ಕೂತರು. ಕಥೆಯೊಂದು ನಿಜಕ್ಕೂ ಕೈಗೆ ಬಂದ ವಸ್ತುವಿನಂತೆ ಜನರ ನಡುವೆ ಹೊರಳಾಡಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಇಷ್ಟೆಲ್ಲ ನಡೆಯುವಾಗ ಬರೆದವರು ಅಲ್ಲೇ ಕೂತಿದ್ದರು, ಮಾತೂ ಆಡಿದ್ದರು. ಗಡಿಗೆಯ ಪರ ಅಷ್ಟು ಬಿಸಿಯಾಗಿ ವಾದಿಸಿದ ಹುಡುಗನೇ? ಕೊನೆಯ ಪ್ಯಾರಾ ಬೇಡವೆಂದು ತಾನೇ ಮೊದಲು ಕತ್ತಿ ಎತ್ತಿದ ಕಂಡಕ್ಟರೇ? ಅಥವಾ ಫ್ರಿಜ್ಜಿನ ಪ್ರಶ್ನೆ ಕೇಳಿ ತನ್ನ ಕಥೆಯ ಬುಡಕ್ಕೇ ಕೊಡಲಿ ಇಟ್ಟ ನರ್ಸೇ? ಹೆಸರು ಬಿಚ್ಚುವುದು ಯುಗಾದಿಯ ದಿನ, ಅದೂ ಬರೆದವರು ಒಪ್ಪಿದರೆ ಮಾತ್ರ. ಅಲ್ಲಿಯತನಕ ಟೈಪಿಸ್ಟರ ಮುಖ ನೋಡಿ ಪ್ರಯೋಜನವಿಲ್ಲ. ಮೂರು ದಶಕ ಕೋರ್ಟಿನಲ್ಲಿ ಕೂತ ಮುಖ ಅದು.

ಬರಹಗಾರರು ಗುಂಪು ಕಟ್ಟುವುದು ಈ ಊರಿಗೆ ಹೊಸತಲ್ಲ. ಧಾರವಾಡದವರ ಮುಂದೆ ‘ಗೆಳೆಯರ ಗುಂಪಿ’ನ ಕಥೆ ಹೇಳಹೊರಟರೆ ನಗುತ್ತಾರೆ, ಆದ್ದರಿಂದ ಚುಟುಕಾಗಿ. 1922ರ ಸುಮಾರಿಗೆ ವಿಕ್ಟೋರಿಯಾ ಹೈಸ್ಕೂಲಿನ ತರುಣ ಮಾಸ್ತರರಾಗಿದ್ದ ದ.ರಾ. ಬೇಂದ್ರೆಯವರ ಸುತ್ತ ಕೂಡಿದ ಗುಂಪು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಮುಂದೆ ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಅದರಲ್ಲಿ ಸೇರಿದರು. ಬರೆದದ್ದನ್ನು ಓದಿ ತೋರಿಸುವುದು, ಜಗಳಾಡುವುದು, ‘ಜಯಕರ್ನಾಟಕ’ ಪತ್ರಿಕೆಗೆ ದುಡಿಯುವುದು, ನಾಡಹಬ್ಬ ಮಾಡುವುದು. ಇದೇ ಗೆಳೆತನದಿಂದ ಇಬ್ಬರು ಜ್ಞಾನಪೀಠದವರೆಗೆ ಹೋದರು, ಬೇಂದ್ರೆ 1973ರಲ್ಲಿ, ಗೋಕಾಕರು 1990ರಲ್ಲಿ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟವೂ ಮುಂದೆ ಅಂಥದೇ ಹರಟೆಯ ತಾಣವಾಯಿತು. ಗಿರೀಶ ಕಾರ್ನಾಡರ ‘ಯಯಾತಿ’ ಅಚ್ಚಾದದ್ದು ಅಲ್ಲಿಂದಲೇ, 1961ರಲ್ಲಿ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರೂ ಆ ಅಟ್ಟದವರೇ.

ಆದರೆ ನನ್ನ ಕುತೂಹಲ ಬೇರೆ ಕಡೆಗಿದೆ. ಮುಖಾಮುಖಿ ಕೂತು ಓದಿಕೊಳ್ಳುತ್ತಿದ್ದ ಆ ಗೆಳೆಯರಿಗೆ ಅಷ್ಟೊಂದು ಸುಳ್ಳು ಹೆಸರುಗಳು ಯಾಕೆ ಬೇಕಾಗಿದ್ದವು? ಕೃಷ್ಣಶರ್ಮರು ‘ಆನಂದಕಂದ’, ಮುಗಳಿಯವರು ‘ರಸಿಕರಂಗ’, ಆದ್ಯ ರಂಗಾಚಾರ್ಯರು ‘ಶ್ರೀರಂಗ’, ಜಿ.ಬಿ. ಜೋಶಿಯವರು ‘ಜಡಭರತ’. ‘ಗ್ರಾಮಾಯಣ’ದ ಆರ್.ಬಿ. ಕುಲಕರ್ಣಿಯವರಂತೂ ಬ್ರಿಟಿಷರು ಕೊಡುತ್ತಿದ್ದ ಬಿರುದನ್ನು ಯಾರನ್ನೂ ಕೇಳದೆ ತಾವೇ ಎತ್ತಿಕೊಂಡು ‘ರಾವಬಹಾದ್ದೂರ’ರಾದರು. ಗೋಕಾಕರದ್ದು ಎಲ್ಲಕ್ಕಿಂತ ತಮಾಷೆ. ಅವರ ಹೆಸರು ವಿನಾಯಕ, ಕಾವ್ಯನಾಮವೂ ‘ವಿನಾಯಕ’. ಹೀಗೆ ಅಡಗಿಕೊಂಡರೆ ಹುಡುಕುವವರಿಗೆ ಏನು ಕಷ್ಟ? ಬೇಂದ್ರೆಯವರದು ತಾಯಿ ಅಂಬಿಕೆಯ ಹೆಸರನ್ನು ಮುಂದಿಟ್ಟ ‘ಅಂಬಿಕಾತನಯದತ್ತ’. ಒಳಗಿನಿಂದ ನುಡಿಯುವ ವಿಶ್ವದ ದನಿ ಅವನು, ಅದನ್ನು ಕನ್ನಡಕ್ಕೆ ತರುವವನಷ್ಟೇ ತಾನು ಎಂಬರ್ಥದ ಮಾತನ್ನು ಅವರು ಹೇಳುತ್ತಿದ್ದರು. ದೊಡ್ಡ ಮಾತು, ಆದರೆ ಅನುಕೂಲದ್ದೂ ಹೌದು. ಕವಿತೆ ಕೆಟ್ಟರೆ ದೂರು ಯಾರ ಮೇಲೆ?

ನಿಜವಾಗಿ ಅಡಗಿದವರೆಂದರೆ ಕರಾವಳಿಯ ಮುದ್ದಣ. 1870ರಲ್ಲಿ ಹುಟ್ಟಿದ ನಂದಳಿಕೆ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರು. ‘ಶ್ರೀರಾಮಪಟ್ಟಾಭಿಷೇಕ’ವನ್ನು ಮಹಾಲಕ್ಷ್ಮಿ ಎಂಬ ಹೆಸರಿನಲ್ಲಿ ಬರೆದರು. ‘ಶ್ರೀರಾಮಾಶ್ವಮೇಧ’ವನ್ನು ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳಿಸಿಕೊಟ್ಟರು. ಅಲ್ಲಿಯ ಪಂಡಿತರು ಹಳೆಯದೆಂದೇ ನಂಬಿ ಅಚ್ಚು ಹಾಕಿದರು. ಡ್ರಿಲ್ ಮಾಸ್ತರನೊಬ್ಬ ಬರೆದದ್ದೆಂದು ಹೇಳಿ ಕಳಿಸಿದ್ದರೆ ಅಚ್ಚಾಗುತ್ತಿತ್ತೇ? ನನಗೆ ಬಲವಾದ ಅನುಮಾನವಿದೆ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಾಗ ಆ ಕೃತಿಗಳ ಕವಿ ಅವರೆಂದು ಓದುಗರಿಗೆ ಗೊತ್ತಿರಲಿಲ್ಲ.

ಇದನ್ನು ಮಾಳಮಡ್ಡಿಯ ಪಡಸಾಲೆಯಲ್ಲಿ ಹೇಳಿದಾಗ ಶಿಕ್ಷಕಿಯೊಬ್ಬರು, “ಆತಗ ಹಳೇ ಕವಿ ಆಗಬೇಕಾತು. ನಮಗ ಗಂಡಸಾಗಬೇಕಾಗತದ,” ಎಂದರು. ಆಮೇಲೆ ಬಿಡಿಸಿ ಹೇಳಿದರು. “ನನ್ನ ಹೆಸರು ಹಾಕಿ ‘ಗಂಡ ಹೊಡದ’ ಅಂತ ಕಥಿ ಬರದ್ರ, ಮಂದಿ ಕಥಿ ಓದಂಗಿಲ್ರಿ, ನನ್ನ ಗಂಡನ್ನ ನೋಡತಾರ.” ಹೆಸರಿಲ್ಲದ ಹಾಳೆಯ ಬಲ ಇದು. ನಮ್ಮ ಊರುಗಳಲ್ಲಿ ಕವಿತೆಗಿಂತ ಮೊದಲು ಅಡ್ಡಹೆಸರನ್ನು ಓದಿ, ಯಾರ ಪೈಕಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಆಮೇಲೆ ಕವಿತೆ ಚೆನ್ನಾಗಿದೆಯೇ ಎಂದು ತೀರ್ಮಾನಿಸುವವರು ಕಡಿಮೆಯೇನಿಲ್ಲ.

ತಾಲೂಕು ಮಟ್ಟದ ಕವಿಗೋಷ್ಠಿಗಳನ್ನು ಕಂಡವರಿಗೆ ಈ ಪಡಸಾಲೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ನಲವತ್ತು ಕವಿಗಳ ಪಟ್ಟಿ, ತಲಾ ಮೂರು ನಿಮಿಷ. ತನ್ನ ಸರದಿ ಮುಗಿದವನು ಪ್ರಮಾಣಪತ್ರ ಹಿಡಿದು ಬಸ್ಸಿಗೆ ಓಡುತ್ತಾನೆ. ಕೊನೆಯ ಕವಿಯ ಕಾವ್ಯವಾಚನಕ್ಕೆ ಉಳಿಯುವವರು ಅಧ್ಯಕ್ಷರು, ನಿರೂಪಕರು, ಮೈಕಿನವನು. ಇಲ್ಲಿ ಎದ್ದುಹೋಗುವಂತಿಲ್ಲ. ನಿಮ್ಮದು ಮುಗಿಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲವಲ್ಲ!

ಹೆಸರಿಲ್ಲದ ಹಾಡುಗಳ ಮಾತು ಬಂದಾಗ ಅಜ್ಜಿ ತಮ್ಮ ತವರು ಇಂಡಿಯ ಕಡೆ ಎಂದರು. ಅಲ್ಲಿಗೆ ಸಮೀಪದ ಹಲಸಂಗಿಯಲ್ಲೂ ಗೆಳೆಯರ ಬಳಗವೊಂದಿತ್ತು. ಚೆನ್ನಮಲ್ಲಪ್ಪ ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿ ಹೆಂಗಸರು ಹಾಡಿದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಸಂಗ್ರಹಿಸಿದ ಗೆಳೆಯರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದೆ. ಕಟ್ಟಿದ ಹೆಂಗಸರ ಹೆಸರು ಎಲ್ಲಿಯೂ ಇಲ್ಲ. ಹೆಸರು ಬಿಡುವುದು ಬೇರೆ, ಹೆಸರನ್ನು ಯಾರೂ ಕೇಳದೇ ಇರುವುದು ಬೇರೆ. ಅಜ್ಜಿಗೆ ಅದು ಚೆನ್ನಾಗಿ ಗೊತ್ತು. “ನಮ್ಮ ಅತ್ತಿ ಕಟ್ಟಿ ಹಾಡ್ತಿದ್ಲು. ಯಾರದು ಅಂದ್ರ ‘ಹಿಂದಿನವರದು’ ಅಂತಿದ್ಲು. ಸುಳ್ಳು!”

ಪಿಎಸ್‌ಐ ಹುಡುಗನ ತಕರಾರೂ ಇಲ್ಲಿಯದೇ. ಗುಂಪಿನ ನಿಯಮವನ್ನು ಅವನು ಪಾಲಿಸುತ್ತಾನೆ, ಒಪ್ಪುವುದಿಲ್ಲ. ಊರಲ್ಲಿ ಅವನದು ದಲಿತ ಕೇರಿಯ ಕೊನೆಯ ಮನೆ, ಓದಿ ಬೆಳೆದದ್ದು ಹಾಸ್ಟೆಲಿನಲ್ಲಿ. “ನಮ್ಮಪ್ಪ ಯಾವತ್ತೂ ಹೆಸರು ಹಿಡಿದು ಕರೆಸ್ಕೊಂಡಿಲ್ರಿ. ನನ್ನ ಹೆಸರಾದ್ರೂ ಒಂದ್ ಕಡೆ ಬರ್ಲಿ ಬಿಡ್ರಿ,” ಎಂದ. 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ, ಅದಕ್ಕೂ ಮೊದಲು ಬರೆಯತೊಡಗಿದ್ದ ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಇವರೆಲ್ಲ ಕನ್ನಡಕ್ಕೆ ಕಲಿಸಿದ ಪಾಠ ಅದೇ, ಯಾರು ಬರೆಯುತ್ತಿದ್ದಾರೆ ಎಂಬುದು ಬರಹದ ಹೊರಗಿನ ವಿಷಯವಲ್ಲ. ಹೆಸರು ಮುಚ್ಚಿದಾಗ ಎಲ್ಲರೂ ಸಮಾನರಾಗುತ್ತಾರೆ ಎಂಬ ಬ್ಯಾಂಕಿನವರ ಉತ್ತರ ನನಗೆ ಅರ್ಧ ಮಾತ್ರ ಸರಿಯೆನಿಸಿತು. ಹೆಸರು ಮುಚ್ಚಿದ ಹಾಳೆಯನ್ನು ಕೇಳುವವರು ತಮ್ಮಂಥವರೇ ಬರೆದದ್ದೆಂದು ಊಹಿಸಿಕೊಳ್ಳುತ್ತಾರೆ. ಮೀಟರಿನ ಕಥೆ ಆ ಹುಡುಗನದೇ ಆಗಿದ್ದರೆ, ಮುದುಕಿಯನ್ನು ಎಲ್ಲರೂ ಮಾಳಮಡ್ಡಿಯ ಮುದುಕಿಯೆಂದೇ ಎಣಿಸಿ ಫ್ರಿಜ್ ಕೊಡಿಸಿದ್ದರಲ್ಲವೇ?

ಈಗ ಗುಂಪಿನ ಮುಂದಿರುವ ಪ್ರಶ್ನೆ ಪುಸ್ತಕದ್ದು. ಇಷ್ಟು ವರ್ಷಗಳಲ್ಲಿ ಕೂಡಿದ ಕಥೆಗಳಲ್ಲಿ ಒಳ್ಳೆಯವನ್ನು ಆರಿಸಿ ಅಚ್ಚು ಹಾಕಬೇಕೆಂದು ಶಿಕ್ಷಕಿಯರ ಆಸೆ. ಹೆಸರಿಲ್ಲದೆ ತರೋಣ ಎಂದರು ಕೆಲವರು. ಕಥೆಗಳ ಕೆಳಗೆ ಬೇಡ, ಕೊನೆಯ ಪುಟದಲ್ಲಿ ಎಲ್ಲರ ಹೆಸರನ್ನೂ ಒಟ್ಟಿಗೆ ಹಾಕೋಣ ಎಂಬುದು ಕಂಡಕ್ಟರ ರಾಜಿಸೂತ್ರ. ಪ್ರತಿ ಕಥೆಗೂ ಹೆಸರು ಬೇಕೇ ಬೇಕು ಎಂದ ಹುಡುಗ. ಬ್ಯಾಂಕಿನವರು ಖರ್ಚಿನ ಲೆಕ್ಕ ತೆಗೆದರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹಾಕದಿದ್ದರೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ, ಹಾಕುವುದಾದರೆ ಅರ್ಜಿಯಲ್ಲಿ ಲೇಖಕರ ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ. ಎಲ್ಲರೂ ಟೈಪಿಸ್ಟರ ಕಡೆ ನೋಡಿದರು. ಅವರು, “ನನ್ನ ಹೆಸರು ಹಾಕ್ರಿ. ಟೈಪ್ ಮಾಡಿದಾಂವ ನಾನs ಅಲ್ಲೇನು?” ಎಂದರು. ನಗೆಯಲ್ಲಿ ಸಭೆ ಮುಗಿಯಿತು, ತೀರ್ಮಾನ ದಸರೆಯ ಆಚೆ ಹೋಯಿತು. ಹುಡುಗ ಮಾತ್ರ ನಗಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ, ತನ್ನ ಕಥೆಯನ್ನು ಹೆಸರು ಹಾಕಿಯೇ ಪತ್ರಿಕೆಯೊಂದರ ದೀಪಾವಳಿ ಕಥಾಸ್ಪರ್ಧೆಗೆ ಕಳಿಸಿಬಿಟ್ಟಿದ್ದೇನೆ, ಒಳಗೆ ಇನ್ನೂ ಹೇಳಿಲ್ಲ ಎಂದ. ಯಾವ ಕಥೆ ಎಂದು ಕೇಳಿದೆ. “ಅದನ್ನ ಕೇಳಬಾರದ್ರಿ ಸರ,” ಎಂದು ಬಸ್ ಸ್ಟಾಪಿನ ಕಡೆ ನಡೆದ.