ಬೀಗವೋ ಕೊಂಡಿಯೋ?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿರುವ ಶನಿಮಹಾತ್ಮ ದೇವಾಲಯಕ್ಕೆ ಶನಿವಾರ ಹೊರಟ ಸಂಸಾರವೊಂದನ್ನು ಊಹಿಸಿಕೊಳ್ಳೋಣ. ಮನೆಗೆ ಬೀಗ ಹಾಕಿ, ಎರಡು ಬಾರಿ ಜಗ್ಗಿ ನೋಡಿದರೆ ಯಜಮಾನನಿಗೆ ನೆಮ್ಮದಿ. ಆ ನೆಮ್ಮದಿಗೆ ಆಧಾರವೆಷ್ಟು?

ಬೀಗವೇನೋ ಗಟ್ಟಿಯೇ. 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಹಕ್ಕುಪತ್ರ ಪಡೆದ ಬಗೆಯ ಬೀಗದಲ್ಲಿ ಐದು ಕಡ್ಡಿಗಳಿದ್ದು, ಪ್ರತಿಯೊಂದಕ್ಕೂ ಆರು ಎತ್ತರಗಳು ಸಾಧ್ಯವಾದರೆ, 7,776 ಬಗೆಯ ಬೀಗದ ಕೈಗಳಾಗುವುವು. ಕಳ್ಳನು ಅವನ್ನು ಹುಡುಕುತ್ತ ಕೂರುವುದಿಲ್ಲ; ಬೀಗವನ್ನು ಬಿಟ್ಟು ಕೊಂಡಿಗೆ ಕೈಹಾಕುವನು. ಅವನ ಹಾರೆಯು ಒಂದು ಸನ್ನೆಕೋಲು. ಅದರ ಆಧಾರಬಿಂದುವಿನಿಂದ ಕೊಂಡಿಗೆ 3 ಸೆಂಟಿಮೀಟರ್, ಕೈಗೆ 60 ಸೆಂಟಿಮೀಟರ್ ದೂರವಿದ್ದರೆ ಬಲವು ಇಪ್ಪತ್ತು ಮಡಿಯಾಗುವುದು. ಮರದಲ್ಲಿ ಕಚ್ಚಿರುವ ಚಿಕ್ಕ ತಿರುಪುಮೊಳೆಗಳು ಕಿತ್ತುಬರುವುವು. ಆದುದರಿಂದ ಕೊಂಡಿಗೆ ಬಾಗಿಲನ್ನು ತೂರಿಹೋಗುವ ಬೋಲ್ಟುಗಳನ್ನು ಹಾಕಿಸಿ, ಒಳಗಡೆ ನಟ್ಟು ಬಿಗಿಸಬೇಕು.

ಕಾರಿನ ಸಂಗತಿಯೂ ಇಂತಹುದೇ. ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುವಂತಹ ಕೀಲಿಯು ಕಾರಿನೊಡನೆ ರೇಡಿಯೋ ಸಂಕೇತಗಳ ಮೂಲಕ ಮಾತನಾಡುವುದು. ಆ ಗುಪ್ತಸಂಕೇತವನ್ನು ಭೇದಿಸುವುದು ಕಷ್ಟ. ಆದರೆ ಒಬ್ಬ ಕಳ್ಳ ಮನೆಯ ಗೋಡೆಯ ಬಳಿ, ಇನ್ನೊಬ್ಬ ಕಾರಿನ ಬಳಿ ನಿಂತು, ಉಪಕರಣಗಳಿಂದ ಸಂಕೇತವನ್ನು ದಾಟಿಸಿದರೆ, ಕೀಲಿ ಪಕ್ಕದಲ್ಲೇ ಇದೆಯೆಂದು ಕಾರು ಮೋಸಹೋಗುವುದು. ಇದಕ್ಕೆ ಮದ್ದು ಬಿಗಿಮುಚ್ಚಳದ ತಗಡಿನ ಡಬ್ಬಿ. ಲೋಹದ ಆವರಣವು ಹೊರಗಿನ ವಿದ್ಯುತ್ ಪ್ರಭಾವವನ್ನು ತಡೆಯುವುದೆಂದು ಫ್ಯಾರಡೆ 1836ರಲ್ಲಿಯೇ ತೋರಿಸಿದ್ದನು. ಕೀಲಿಯನ್ನು ಡಬ್ಬಿಯಲ್ಲಿಟ್ಟು ಕಾರಿನ ಬಳಿಗೆ ಒಯ್ಯೋಣ. ಬಾಗಿಲು ತೆರೆದರೆ ಆ ಡಬ್ಬಿ ಸಾಲದು.

ಕಳ್ಳನು ಸವಾಲು ಹಾಕುವುದು ನಮ್ಮ ಬಲಕ್ಕಲ್ಲ, ನಾವು ಮರೆತ ದುರ್ಬಲತೆಗೆ. ಮುಂದಿನ ಬಾರಿ ಬೀಗವನ್ನು ಜಗ್ಗುವಾಗ ಕೊಂಡಿಯನ್ನೂ ನೋಡೋಣ.