ಸೀಟು ಇಳಿಸಿದರೆ ಸಾಲದು

ರೋಡ್ ಬೈಕ್ ಕೊಳ್ಳಲು ಹೊರಟ ಹೆಣ್ಣುಮಕ್ಕಳು ಗೇರು, ಬಣ್ಣ, ಬ್ರಾಂಡು ನೋಡುವ ಮೊದಲು ನೋಡಬೇಕಾದದ್ದು ಅಳತೆ. ಬಜೆಟ್ ಚಿಕ್ಕದಿದ್ದಷ್ಟೂ ಈ ಮಾತಿಗೆ ತೂಕ ಹೆಚ್ಚು.

‘ಸೀಟು ಸ್ವಲ್ಪ ಇಳಿಸಿಕೊಡ್ತೀನಿ ಮೇಡಂ, ಸರಿಹೋಗುತ್ತೆ.’

ಐದಡಿ ಎರಡಂಗುಲದ ಮಹಿಳೆ ಅಂಗಡಿಗೆ ಹೋಗಿ ರೋಡ್ ಬೈಕ್ ಕೇಳಿದರೆ ಸಿಗುವ ಭರವಸೆ ಬಹುಪಾಲು ಇದೇ. ಅಂಗಡಿಯಲ್ಲಿರುವುದು 54 ಸೆಂ.ಮೀ. ಅಳತೆಯ ಫ್ರೇಮು. ಆಕೆಗೆ ಬೇಕಾದದ್ದು 48ರ ಆಸುಪಾಸಿನದು. ಸೀಟು ಇಳಿಸಿದರೆ ಕಾಲೇನೋ ಪೆಡಲಿಗೆ ಎಟುಕುತ್ತದೆ. ಆದರೆ ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಮೈ ಮುಂದಕ್ಕೆ ಚಾಚಿ ಚಾಚಿ ಕುತ್ತಿಗೆ ಹಿಡಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಸೈಕಲ್ಲು ಬಾಲ್ಕನಿ ಸೇರುತ್ತದೆ. ಬೇರೆಯವರ ಅಳತೆಗೆ ಹೊಲಿದ ರವಿಕೆಯನ್ನಾದರೂ ಬಿಚ್ಚಿ ಸರಿಮಾಡಿಸಬಹುದು, ಫ್ರೇಮಿಗೆ ಆ ಭಾಗ್ಯವಿಲ್ಲ.

‘ಲೇಡೀಸ್’ ಎಂದಿರಲೇಬೇಕೆ?

ಅಮೆರಿಕದ ಎಂಜಿನಿಯರ್ ಜಾರ್ಜೀನಾ ಟೆರ್ರಿ 1985ರಲ್ಲಿ ಮಹಿಳೆಯರ ಸೈಕಲ್ಲಿಗೆಂದೇ ಕಂಪನಿ ಕಟ್ಟಿದರು. ಪುಟ್ಟ ಫ್ರೇಮಿಗೆ ದೊಡ್ಡ ಚಕ್ರ ಒಗ್ಗುವುದಿಲ್ಲವೆಂದು ಮುಂಬದಿಗೆ 24 ಇಂಚಿನ ಚಿಕ್ಕ ಚಕ್ರ ಕೂರಿಸಿದರು. ಜೈಂಟ್ ಕಂಪನಿ ‘ಲಿವ್’ ಎಂಬ ಪ್ರತ್ಯೇಕ ಬ್ರಾಂಡನ್ನೇ ತಂದಿತು. ಸ್ಪೆಷಲೈಜ್ಡ್ ಕಂಪನಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ಸವಾರರ ಮೈ ಅಳತೆಗಳನ್ನು ಹೋಲಿಸಿ ನೋಡಿ, ಗಂಡು ಹೆಣ್ಣಿಗೆ ಬೇರೆ ಬೇರೆ ಫ್ರೇಮ್ ಬೇಕಿಲ್ಲವೆಂದು ತೀರ್ಮಾನಿಸಿತು. ಕೊಳ್ಳುವವರಿಗೆ ಇದರಿಂದ ಅನುಕೂಲವೇ ಆಯಿತು. ಸ್ಟಿಕರ್ ಹುಡುಕಬೇಕಿಲ್ಲ, ಚಿಕ್ಕ ಸೈಜು ಸಿಕ್ಕರೆ ಸಾಕು.

ಟೇಪು ಹಿಡಿದು ಹೊರಡಿ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆಯಿರಿ. ನೆಲದಿಂದ ಗೆರೆಗೆ 72 ಸೆಂ.ಮೀ. ಇದ್ದರೆ 0.883ರಿಂದ ಗುಣಿಸಿ. ಎರಡೂ ಪೆಡಲಿನ ತೋಳುಗಳನ್ನು ಜೋಡಿಸುವ ನಡುಗೂಟದಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 63.5 ಸೆಂ.ಮೀ. ಎತ್ತರ ಬೇಕೆಂದು ತಿಳಿಯುತ್ತದೆ.

ಒಂದು ಕಂಪನಿಯ ‘ಸ್ಮಾಲ್’ ಇನ್ನೊಂದರ ‘ಸ್ಮಾಲ್’ ಅಲ್ಲ. ಆದ್ದರಿಂದ ಅಳತೆಪಟ್ಟಿಯಲ್ಲಿ ಫ್ರೇಮಿನ ಉದ್ದ ಹೇಳುವ ‘ರೀಚ್’, ಎತ್ತರ ಹೇಳುವ ‘ಸ್ಟ್ಯಾಕ್’ ನೋಡಿ. ಅಂಗಡಿಯಲ್ಲಿ ಬ್ರೇಕಿನ ಹಿಡಿಕೆಗಳ ಮೇಲೆ ಕೈಯಿಟ್ಟು ಕೂತಾಗ ಮೊಣಕೈ ತುಸು ಬಾಗಿರಬೇಕು. ಪೆಡಲ್ ಮುಂದಿಟ್ಟು ಹ್ಯಾಂಡಲ್ ತಿರುಗಿಸಿ, ಕಾಲ್ಬೆರಳು ಟೈರಿಗೆ ತಗಲುತ್ತದೆಯೇ ಗಮನಿಸಿ. ಚಿಕ್ಕ ಫ್ರೇಮುಗಳಲ್ಲಿ ಈ ತೊಂದರೆ ಸಾಮಾನ್ಯ. ಬ್ರೇಕ್ ಲಿವರ್ ದೂರವೆನಿಸಿದರೆ ಹತ್ತಿರಕ್ಕೆ ತರುವ ಸ್ಕ್ರೂ ಅನೇಕ ಮಾದರಿಗಳಲ್ಲಿರುತ್ತದೆ, ಮೆಕಾನಿಕ್‌ಗೆ ಹೇಳಿ ಸರಿಮಾಡಿಸಿಕೊಳ್ಳಿ.

ದುಡ್ಡು ಎಲ್ಲಿ ಹಾಕಬೇಕು?

ಕೈಯಲ್ಲಿ 40 ಸಾವಿರವಿದೆ ಎನ್ನಿ. ಒಪ್ಪುವ ಫ್ರೇಮಿಗೆ ಮೊದಲ ಆದ್ಯತೆ. ಹಿಂದೆ ಎಂಟು ಗೇರಿನ ಶಿಮಾನೊ ಕ್ಲಾರಿಸ್ ಗೇರ್ ಸೆಟ್ ಇದ್ದರೂ ಆರಂಭಕ್ಕೆ ಧಾರಾಳ. ಆದರೆ 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತುವ ಆಸೆಯಿದ್ದರೆ ಮುಂದೆ 34 ಹಲ್ಲು, ಹಿಂದೆ 32ರಷ್ಟು ಹಲ್ಲಿನ ಚಕ್ರ ಕೇಳಿ ಪಡೆಯಿರಿ.

ಸ್ವಲ್ಪ ಹಣ ಉಳಿಸಿಕೊಳ್ಳಿ. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ 100 ಮಿ.ಮೀ. ಬದಲು 80ರದ್ದು, 42 ಸೆಂ.ಮೀ. ಹ್ಯಾಂಡಲ್ ಬದಲು 38ರದ್ದು ಹಾಕಿಸಿದರೆ ಭುಜಕ್ಕೆ ಎಷ್ಟೋ ಹಗುರ. ಸೀಟಿನ ವಿಷಯದಲ್ಲಿ ದಪ್ಪ ಜೆಲ್ ಮೆತ್ತೆಗೆ ಮರುಳಾಗಬೇಡಿ. ದೂರ ಹೋದಂತೆ ಮೆತ್ತೆ ಕುಸಿದು, ಒತ್ತಬಾರದ ಕಡೆ ಒತ್ತುತ್ತದೆ. ಕೂರುವ ಮೂಳೆಗಳ ನಡುವಿನ ಅಂತರ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು. 143 ಅಥವಾ 155 ಮಿ.ಮೀ. ಅಗಲದ, ನಡುವೆ ತಗ್ಗಿರುವ ಗಟ್ಟಿ ಸೀಟು ಒಪ್ಪಬಹುದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಉಳಿತಾಯ ಹೆಲ್ಮೆಟ್ಟಿಗಿರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫ್ರೇಮಿನ ಬೆಸುಗೆಯಲ್ಲಿ ಬಿರುಕು, ಚೈನಿನ ಸವೆತ, ಮೂಲ ಬಿಲ್ಲು ಈ ಮೂರನ್ನೂ ನೋಡಿ. ಪೆಡಲಿನ ನಡುಗೂಟದ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರ್ ಬಿಲ್ಲಿಗೆ ತಾಳೆಯಾಗಬೇಕು.

ತರಿಸಿಕೊಡಿ ಎನ್ನಿ

‘ಸಣ್ಣ ಸೈಜು ಹೋಗಲ್ಲ, ಅದಕ್ಕೇ ತರಿಸಲ್ಲ’ ಎನ್ನುವುದು ಅಂಗಡಿಯವರ ವಾದ. ಇಲ್ಲದ್ದು ಹೋಗುವುದಾದರೂ ಹೇಗೆ? ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಸೈಕಲ್ ತುಳಿದು ಪದಕ ತಂದ ರಾಜ್ಯವಿದು. ಕೇಳುವವರು ಹೆಚ್ಚಿದರೆ ತರಿಸುವವರೂ ಹೆಚ್ಚುತ್ತಾರೆ. ಅಡ್ವಾನ್ಸ್ ಕೊಡುವಾಗ ಫ್ರೇಮ್ ಸೈಜನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಬೇರೆ ಸೈಜು ಬಂದರೆ ಬೇಡವೆನ್ನಲು ಆ ಒಂದು ಸಾಲು ಬೇಕಾಗುತ್ತದೆ.