ಡೈರಿಗೆ ಮಿಷನ್ನು ಬಂತು, ನಂಬಿಕೆ ಬರಲು ಎರಡು ತಿಂಗಳಾಯ್ತು

ನಮ್ಮದು ಗುಬ್ಬಿ ತಾಲೂಕು, ಹೇಮಾವತಿ ನೀರು ತಲುಪದ ಕಡೆ. ಮಳೆ ಬಂದರೆ ಬೆಳೆ. ನಾಲ್ಕು ಎಕರೆಯಲ್ಲಿ ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ. ರಾಗಿ ಕೈ ಕೊಟ್ಟ ವರ್ಷ ಮನೆಯ ಉಪ್ಪು ಮೆಣಸಿನಕಾಯಿ, ಮಕ್ಕಳ ಫೀಸು ಎಲ್ಲಾ ಹಾಲಿನ ದುಡ್ಡಿನಲ್ಲೇ. ಬೋರ್ಡಿನಲ್ಲಿ ‘ಹಾಲು ಉತ್ಪಾದಕರ ಸಹಕಾರ ಸಂಘ’ ಅಂತ ಇದ್ದರೂ ಊರವರ ಬಾಯಲ್ಲಿ ಅದು ಡೈರಿ.

ನಾನು ಓದಿದ್ದು ಏಳನೇ ತರಗತಿ. 2014ರಲ್ಲಿ ಡೈರಿಗೆ ಅಧ್ಯಕ್ಷನಾದೆ. ಹಳೇ ಪದ್ಧತಿ ಬಿಟ್ಟು ಹೊಸದಕ್ಕೆ ಹೋಗುವಾಗ ಜನರನ್ನು ಜೊತೆಗೆ ಕರಕೊಂಡು ಹೋಗೋದು ಹೇಗೆ ಅನ್ನೋದನ್ನು ತಪ್ಪು ಮಾಡಿ ಕಲಿತೆ. ಹಾಲಿನ ಸಂಘವಿರಲಿ, ಕೆರೆ ಸಂಘವಿರಲಿ, ಈಚೆಗೆ ಶುರುವಾಗಿರುವ ರೈತ ಉತ್ಪಾದಕರ ಕಂಪನಿಗಳಿರಲಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಲೀಟರ್ ಲೆಕ್ಕದ ಕಾಲ

ಮೊದಲು ನಮ್ಮಲ್ಲಿ ಲೀಟರ್ ಲೆಕ್ಕ. ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡೋದು, ಅಳೆದು ಸುರಿಯೋದು, ಪುಸ್ತಕದಲ್ಲಿ ಬರೆಯೋದು. ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಆ ಕ್ಯಾನಿನ ಹಾಲಿನ ಗುಣ ನೋಡಿ ಒಕ್ಕೂಟದಿಂದ ಬಂದ ದುಡ್ಡನ್ನು ಲೀಟರಿಗೆ ಇಷ್ಟು ಅಂತ ಸಮನಾಗಿ ಹಂಚೋದು.

ಲ್ಯಾಕ್ಟೋಮೀಟರ್ ತೋರಿಸೋದು ಹಾಲಿನ ಸಾಂದ್ರತೆ ಮಾತ್ರ. ನೀರು ಸೇರಿದರೆ ಡಿಗ್ರಿ ಇಳಿಯುತ್ತೆ. ಕೆನೆ ತೆಗೆದರೆ ಏರುತ್ತೆ. ಕೆನೆ ತೆಗೆದು ಆಮೇಲೆ ನೀರು ಸೇರಿಸಿದರೆ ಡಿಗ್ರಿ ಸರಿಯಾಗೇ ಕಾಣುತ್ತೆ! ಹಿಂಡಿ, ಬೂಸಾ ಹಾಕಿ ಒಳ್ಳೇ ಹಾಲು ತರುವವನಿಗೂ, ಈ ಉಪಾಯ ಗೊತ್ತಿದ್ದವನಿಗೂ ಒಂದೇ ರೇಟು. ಒಳ್ಳೇ ಹಾಲು ತರುವವರು ಬೇಸರಪಟ್ಟು ಕಮ್ಮಿ ಮಾಡುತ್ತಾ ಬಂದರು.

ಅದಕ್ಕೆ ಆಡಳಿತ ಮಂಡಳಿಯಲ್ಲಿ ಹಾಲು ಪರೀಕ್ಷೆ ಮಾಡುವ ಎಲೆಕ್ಟ್ರಾನಿಕ್ ಮಿಷನ್ನು ತರೋಣ ಅಂತ ತೀರ್ಮಾನವಾಯ್ತು. ಇದು ಶಬ್ದದ ಅಲೆಯನ್ನು ಹಾಲಿನೊಳಗೆ ಹಾಯಿಸಿ, ಒಂದು ನಿಮಿಷದ ಆಸುಪಾಸಿನಲ್ಲಿ ಫ್ಯಾಟು (ಜಿಡ್ಡು), ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎರಡನ್ನೂ ಹೇಳುತ್ತೆ. ಅವರವರ ಹಾಲಿನ ಗುಣಕ್ಕೆ ಅವರವರ ರೇಟು. ಇದರಲ್ಲಿ ತಪ್ಪೇನಿದೆ ಅಂತ ನಾವಂದುಕೊಂಡೆವು.

ನಾನು ಮಾಡಿದ ತಪ್ಪು

2016ರ ಬೇಸಿಗೆಯಲ್ಲಿ ಒಂದು ಸೋಮವಾರ ಮಿಷನ್ನು ಇಟ್ಟೆವು. ಅವತ್ತಿನಿಂದಲೇ ಹೊಸ ರೇಟು. ಟೆಸ್ಟರ್ ಹುಡುಗ ನಂಬರನ್ನು ಗಟ್ಟಿಯಾಗಿ ಕೂಗುತ್ತಿದ್ದ, ಸೆಕ್ರೆಟರಿ ಬರೆದುಕೊಳ್ಳುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ಕೇಳುತ್ತಿದ್ದರು.

ಮೂರನೇ ದಿನ, ಗಂಡ ತೀರಿಹೋದ ಒಬ್ಬ ಹೆಣ್ಣುಮಗಳ ಹಾಲಿಗೆ ಎಸ್‌ಎನ್‌ಎಫ್ 7.8 ಬಂತು. ಹಸುವಿನ ಹಾಲಿಗೆ 8.5 ಬರಬೇಕು. ಹಿಂದಿನಿಂದ ಯಾರೋ “ಕೊಳಾಯಿ ಚೆನ್ನಾಗಿ ಬತ್ತಾ ಐತೆ ಕಣಮ್ಮ” ಅಂದರು. ಎಲ್ಲಾ ನಕ್ಕರು. ಆಯಮ್ಮ ಕ್ಯಾನು ಎತ್ತಿಕೊಂಡು ಹೋದವರು ಮಾರನೇ ದಿನ ಬರಲಿಲ್ಲ. ಆಮೇಲೆ ಅವರ ಬೀದಿಯವರೂ ಬರಲಿಲ್ಲ. ದಿನಕ್ಕೆ 310 ಲೀಟರ್ ಬರುತ್ತಿದ್ದದ್ದು ಎರಡು ವಾರದಲ್ಲಿ 220ಕ್ಕೆ ಇಳಿಯಿತು. ಮಿಷನ್ನೇ ಮೋಸ, ಅಧ್ಯಕ್ಷರು ಕಮಿಷನ್ ಹೊಡೆದಿದ್ದಾರೆ ಅಂತ ಅರಳಿಕಟ್ಟೆಯಲ್ಲಿ ಮಾತಾಯಿತು.

ನನಗೆ ಸಿಟ್ಟು ಬಂತು. ಮನೆಯಲ್ಲಿ ನನ್ನಾಕೆ ಒಂದೇ ಮಾತು ಕೇಳಿದಳು: “ಆಯಮ್ಮ ನೀರು ಹಾಕಿದ್ದನ್ನ ನೀವು ಕಂಡ್ರಾ?” ನಾನು ಕಂಡಿರಲಿಲ್ಲ.

ಮರುದಿನ ಬೆಳಗಿನ ಜಾವ ಟೆಸ್ಟರ್ ಹುಡುಗನನ್ನು ಕರಕೊಂಡು ಆಯಮ್ಮನ ಕೊಟ್ಟಿಗೆಗೆ ಹೋದೆ. ನಮ್ಮ ಎದುರಿಗೇ ಹಾಲು ಕರೆಸಿ, ಅದನ್ನೇ ತಂದು ಪರೀಕ್ಷೆ ಮಾಡಿದೆವು. ಮತ್ತೆ 7.8! ನೀರಿನ ಹನಿಯೂ ಬಿದ್ದಿರಲಿಲ್ಲ. ಹಸುವಿಗೆ ಮೇವಿಗಿದ್ದದ್ದು ಒಣ ರಾಗಿ ಹುಲ್ಲು ಮಾತ್ರ. ಹಸಿರು ಇಲ್ಲ, ಹಿಂಡಿ ಇಲ್ಲ. ಹೊಟ್ಟೆಗೆ ಸಾಕಷ್ಟು ಶಕ್ತಿ ಸಿಗದ ಹಸುವಿನ ಹಾಲಿನಲ್ಲಿ ಎಸ್‌ಎನ್‌ಎಫ್ ಇಳಿಯುತ್ತೆ. ಹೊರಗೆ ಕಾಣದ ಕೆಚ್ಚಲು ಬಾವು ಇದ್ದರೂ ಇಳಿಯುತ್ತೆ. ಇದನ್ನು ನಾವು ಯಾರಿಗೂ ಹೇಳಿರಲಿಲ್ಲ, ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಹಸುವಿನ ಹಸಿವನ್ನು ಹೆಂಗಸಿನ ಕಳ್ಳತನ ಅಂತ ಓದಿದ್ದೆವು.

ಆ ಸಂಜೆ ಡೈರಿ ಮುಂದೆ ಎಲ್ಲರೆದುರಿಗೆ ತಪ್ಪು ನನ್ನದು ಅಂತ ಹೇಳಿ ಕ್ಷಮೆ ಕೇಳಿದೆ. ಹೊಸ ರೇಟನ್ನು ನಿಲ್ಲಿಸಿದೆವು.

ಎರಡನೇ ಸಲ ಹೇಗೆ ಮಾಡಿದೆವು

ಮೊದಲಿಗೆ, ಒಂದು ತಿಂಗಳು ಎರಡೂ ಪದ್ಧತಿ ಜೊತೆಯಲ್ಲಿ ನಡೆಸಿದೆವು. ದುಡ್ಡು ಹಳೇ ಲೆಕ್ಕದಲ್ಲೇ. ಮಿಷನ್ನಿನ ನಂಬರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡೋದು. ಕೂಗೋದು ಬಂದ್. ಹೊಸ ರೇಟಿನಲ್ಲಾದರೆ ಎಷ್ಟು ಸಿಗುತ್ತಿತ್ತು ಅನ್ನೋದು ಚೀಟಿಯ ಕೆಳಗೆ. ತಿಂಗಳ ಕೊನೆಗೆ ಜಾಸ್ತಿ ಸಿಗುವವರು ಯಾರು, ಕಮ್ಮಿಯಾಗುವವರು ಯಾರು ಅಂತ ಪಟ್ಟಿ ಸಿಕ್ಕಿತು. ಕಮ್ಮಿಯಾಗುವವರ ಮನೆಗೆ ನಾವೇ ಹೋದೆವು.

ಎರಡನೆಯದು, ಕುಣಿಗಲ್ ತಾಲೂಕಿನ ಒಂದು ಊರಿನಲ್ಲಿ ಆಗಲೇ ಇಂಥ ಮಿಷನ್ನು ನಡೆಯುತ್ತಿತ್ತು. ಅಲ್ಲಿಗೆ ಡೈರೆಕ್ಟರುಗಳನ್ನು ಬಿಟ್ಟು, ಜಾಸ್ತಿ ಜಗಳ ಮಾಡಿದ ಆರು ಜನರನ್ನು ಕರಕೊಂಡು ಹೋದೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಸಂಜೆ ಹಾಲಿನ ಹೊತ್ತಿಗೆ ಸೇರಿದೆವು. ನಾನು ಹೊರಗೆ ಟೀ ಕುಡಿಯುತ್ತಾ ಕೂತೆ. ಇವರು ಅಲ್ಲಿನ ಹಾಲಿನವರನ್ನೇ ಕೇಳಿಕೊಂಡು ಬಂದರು. ವಾಪಸು ಬಂದಮೇಲೆ ಊರಿಗೆ ತಿಳಿಸಿ ಹೇಳಿದ್ದು ಅವರೇ.

ಮೂರನೆಯದು, ನಮ್ಮನೆ ಹಾಲನ್ನೇ ಎಲ್ಲರೆದುರು ಪರೀಕ್ಷೆಗೆ ಇಟ್ಟೆ. ಐದು ಲೀಟರ್ ಹಾಲಿಗೆ ಎಸ್‌ಎನ್‌ಎಫ್ 8.6 ಬಂತು. ಅದಕ್ಕೆ ಅರ್ಧ ಲೀಟರ್ ನೀರು ಸುರಿದು ಮತ್ತೆ ಇಟ್ಟರೆ 7.8. ಲೆಕ್ಕ ಸರಿಯಾಗೇ ಇದೆ: 8.6ನ್ನು 5ರಿಂದ ಗುಣಿಸಿ ಐದೂವರೆಗೆ ಭಾಗಿಸಿ ನೋಡಿ. ನೀರಿಗೂ 7.8, ಹಸಿದ ಹಸುವಿಗೂ 7.8. ನಂಬರ್ ಕಮ್ಮಿ ಬಂದರೆ ಕೊಟ್ಟಿಗೆ ನೋಡದೆ ಯಾರನ್ನೂ ಅನ್ನಬಾರದು ಅಂತ ಅವತ್ತೇ ತೀರ್ಮಾನ ಬರೆದೆವು.

ನಾಲ್ಕನೆಯದು ಟೆಸ್ಟರ್ ಹುಡುಗನ ವಿಷಯ. ಮಿಷನ್ನು ಬಂದಮೇಲೆ ತನ್ನ ಕೆಲಸ ಹೋಗುತ್ತೆ ಅಂತ ಅವನಿಗೆ ಒಳಗೇ ಹೆದರಿಕೆ. ಅದಕ್ಕೇ ಸರಿಯಾಗಿ ತೊಳೆಯುತ್ತಿರಲಿಲ್ಲ. ತೊಳೆಯದಿದ್ದರೆ, ನೊರೆ ಹಾಲು ಇಟ್ಟರೆ ಮಿಷನ್ನು ತಪ್ಪು ಹೇಳುತ್ತೆ. ಅವನನ್ನು ಮಲ್ಲಸಂದ್ರದಲ್ಲಿರುವ ನಮ್ಮ ಜಿಲ್ಲಾ ಒಕ್ಕೂಟಕ್ಕೆ ಕಳಿಸಿ ಕಲಿಸಿದೆವು. ವಾರಕ್ಕೊಮ್ಮೆ ಹಳೇ ಗರ್ಬರ್ ಪರೀಕ್ಷೆಯಲ್ಲಿ (ಆಸಿಡ್ ಹಾಕಿ ತಿರುಗಿಸಿ ಜಿಡ್ಡು ನೋಡೋದು) ಮಿಷನ್ನಿನ ಫ್ಯಾಟನ್ನು ತಾಳೆ ನೋಡೋದು ಅವನದೇ ಜವಾಬ್ದಾರಿ. ಈಗ ಮಿಷನ್ನಿನ ಮೇಲೆ ಯಾರಾದರೂ ಕೈ ಇಟ್ಟರೆ ಅವನೇ ಗದರುತ್ತಾನೆ!

ಎರಡು ತಿಂಗಳ ಮೇಲೆ ಸಭೆ ಕರೆದು ಕೇಳಿದಾಗ ಹೊಸ ರೇಟಿಗೆ ಜನರೇ ಒಪ್ಪಿದರು. ವರ್ಷದೊಳಗೆ ಹಾಲು 340 ಲೀಟರಿಗೆ ಹತ್ತಿತು.

ಬ್ಯಾಂಕಿನ ಬಟವಾಡೆ

ಇಷ್ಟು ಕಲಿತಮೇಲೂ ಇನ್ನೊಂದು ಕಡೆ ಎಡವಿದೆ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಇತ್ತು, 2013ರಲ್ಲಿ 4 ಆಯ್ತು, 2016ರಲ್ಲಿ 5. ಅದು ನೇರ ಖಾತೆಗೇ ಬೀಳುತ್ತೆ. ಹಾಗಾದರೆ ಬಟವಾಡೆಯನ್ನೂ ಬ್ಯಾಂಕಿಗೇ ಹಾಕೋಣ ಅಂತ ನಾವು ಗಂಡಸರು ಕೂತು ತೀರ್ಮಾನ ಮಾಡಿದೆವು.

ಒಂದು ಬೆಳಿಗ್ಗೆ ಒಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು: “ಅಣ್ಣಾ, ಹುಲ್ಲು ಕೊಯ್ಯೋಳು ನಾನು, ಹಾಲು ಕರೆಯೋಳು ನಾನು. ಇಷ್ಟು ದಿನ ಬಟವಾಡೆ ನನ್ನ ಕೈಗೆ ಬತ್ತಿತ್ತು. ಈಗ ಅವರ ಖಾತೆಗೆ ಹೋಯ್ತದೆ. ಮಕ್ಕಳ ಫೀಸಿಗೆ ನಾನು ಯಾರನ್ನ ಕೇಳಲಿ?” ಸದಸ್ಯತ್ವ ಬಹುಪಾಲು ಗಂಡಸರ ಹೆಸರಿನಲ್ಲಿತ್ತು. ನಗದು ಇದ್ದಾಗ ಹಾಲು ತಂದವರ ಕೈಗೇ ದುಡ್ಡು ಹೋಗುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಆ ಪದ್ಧತಿಯನ್ನು ನಾವು ಗೊತ್ತಿಲ್ಲದೆ ಮುರಿದಿದ್ದೆವು.

ಮತ್ತೆ ಸಭೆ. ಈ ಸಲ ಹಾಲು ತರುವ ಹೆಂಗಸರನ್ನೇ ಕರೆದೆವು. ಕೆಲವರು ಹೆಂಡತಿ ಹೆಸರಿಗೆ ಸದಸ್ಯತ್ವ ಬದಲಾಯಿಸಿದರು, ಕೆಲವರು ಜಂಟಿ ಖಾತೆ ಮಾಡಿದರು. ಹನ್ನೊಂದು ಮನೆಯವರು ಒಪ್ಪಲಿಲ್ಲ. ಅದು ಇವತ್ತಿಗೂ ಹಾಗೇ ಇದೆ.

ನನಗೆ ತಿಳಿದದ್ದು

ಗುಜರಾತಿನ ಆನಂದ್‌ನಲ್ಲಿ 1946ರಲ್ಲಿ ಹಾಲಿನ ಒಕ್ಕೂಟ ಹುಟ್ಟಿತು. ಕುರಿಯನ್ ಅವರು ಅಲ್ಲಿಗೆ ಬಂದದ್ದು 1949ರಲ್ಲಿ. ಯಂತ್ರ ಬಲ್ಲ ಆ ಎಂಜಿನಿಯರ್ ಬರುವ ಮೊದಲೇ ತ್ರಿಭುವನದಾಸ್ ಪಟೇಲರು ಊರೂರು ತಿರುಗಿ ರೈತರನ್ನು ಕೂಡಿಸಿದ್ದರು. ಮಿಷನ್ನಿಗಿಂತ ಮೊದಲು ಆಗಬೇಕಾದ ಕೆಲಸ ಅದು. ನಾನು ತಿರುಗುಮುರುಗು ಮಾಡಿದ್ದೆ.

ಸಂಘದಲ್ಲಿ ಏನಾದರೂ ಬದಲಾಯಿಸುವವರಿಗೆ ನನ್ನ ಮಾತು ಇಷ್ಟೇ. ಹೊಸದರಿಂದ ಯಾರಿಗೆ ನಷ್ಟ ಅಂತ ಮೊದಲು ಪಟ್ಟಿ ಮಾಡಿ, ಅವರ ಮನೆಗೆ ಮೊದಲು ಹೋಗಿ. ಸ್ವಲ್ಪ ದಿನ ಹಳೇದು, ಹೊಸದು ಎರಡನ್ನೂ ಜೊತೆಗೆ ನಡೆಸಿ. ನಿಮ್ಮ ಸ್ವಂತದ್ದನ್ನೇ ಮೊದಲು ಪರೀಕ್ಷೆಗೆ ಇಡಿ. ತಪ್ಪಾದರೆ ತಪ್ಪು ಮಾಡಿದ ಜಾಗದಲ್ಲೇ ಒಪ್ಪಿಕೊಳ್ಳಿ.

ಆ 7.8ರ ಹೆಣ್ಣುಮಗಳು ಹೊಲದ ಬದುವಿನಲ್ಲಿ ಅಗಸೆ ಸೊಪ್ಪು ಬೆಳೆಸಿ, ಹಸುವಿಗೆ ಲವಣ ಮಿಶ್ರಣ, ಸ್ವಲ್ಪ ಹಿಂಡಿ ಕೊಡಲು ಶುರು ಮಾಡಿದರು. ನಾಲ್ಕು ತಿಂಗಳಿಗೆ 8.4 ಬಂತು. ಚೀಟಿಯನ್ನು ನನಗೆ ತೋರಿಸಿ ಏನೂ ಮಾತಾಡದೆ ಸೆರಗಿಗೆ ಕಟ್ಟಿಕೊಂಡು ಹೋದರು.

ಬೇರೆ ಊರಿನ ಸಂಘದವರು ಇಂಥ ಬದಲಾವಣೆಗಳನ್ನು ಹೇಗೆ ನಿಭಾಯಿಸಿದ್ದಾರೆ? ಬರೆದರೆ ನಮಗೂ ಅನುಕೂಲ. ಆ ಹನ್ನೊಂದು ಮನೆಯವರನ್ನು ಒಪ್ಪಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಬರೆಯಿರಿ.